ಸೋರದ ಪಂಪೂ ಕೆಟ್ಟಿರಬಹುದು

ಎಂಜಿನ್ ಬಿಸಿಯಾಗುತ್ತಿದೆ ಎಂದು ಕಾರು ತರುವವರು ಎಂಜಿನ್ ತಂಪಾಗಿಡುವ ಕೂಲಂಟ್ ದ್ರವವನ್ನು ಸುತ್ತಿಸುವ ವಾಟರ್ ಪಂಪ್ ಬಗ್ಗೆ ಮೊದಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ಕೆಳಗೆ ಕೂಲಂಟ್ ಬಿದ್ದಿದ್ದರೆ ಪಂಪ್ ಹೋಗಿದೆ, ಒಂದು ಹನಿಯೂ ಬಿದ್ದಿಲ್ಲವಾದರೆ ಪಂಪ್ ಚೆನ್ನಾಗಿದೆ ಎಂದು. ಮೊದಲನೆಯದು ಎಷ್ಟೋ ಸಲ ನಿಜವಾಗುತ್ತದೆ. ಎರಡನೆಯದನ್ನು ನಂಬಿ ನಾನೇ ಒಮ್ಮೆ ಎರಡು ದಿನ ಕಳೆದುಕೊಂಡಿದ್ದೇನೆ.

ಆ ಕಾರು ಊರೊಳಗೆ ನಿಧಾನವಾಗಿ ಓಡುವಾಗ ಸರಿಯಾಗಿಯೇ ಇರುತ್ತಿತ್ತು. ಹೆದ್ದಾರಿಯಲ್ಲಿ ವೇಗ ಹಿಡಿದರೆ, ಏರು ಹತ್ತಿದರೆ ಮುಳ್ಳು ಕೆಂಪಿನತ್ತ ಹೋಗುತ್ತಿತ್ತು. ಫ್ಯಾನ್ ಕೆಟ್ಟಿದ್ದರೆ ಇದು ಉಲ್ಟಾ ಇರಬೇಕು: ನಿಂತಲ್ಲಿ ಬಿಸಿ, ಓಡುವಾಗ ಎದುರುಗಾಳಿಗೆ ತಂಪು. ಹಾಗಾಗಿ ಫ್ಯಾನನ್ನು ಬಿಟ್ಟೆ. ರೇಡಿಯೇಟರ್‌ನ ಮೇಲಿನ ಹೋಸ್ ಸುಡುತ್ತಿತ್ತು, ಕೆಳಗಿನದು ತಣ್ಣಗಿತ್ತು. ಆ ಎಂಜಿನ್‌ನಲ್ಲಿ ಥರ್ಮೋಸ್ಟಾಟ್, ಅಂದರೆ ಬಿಸಿಯಾದಾಗ ತೆರೆದು ಕೂಲಂಟ್ ಹರಿಯಲು ಬಿಡುವ ಕವಾಟ, ಇರುವುದು ಕೆಳಗಿನ ಹೋಸಿನ ಬಾಯಿಯಲ್ಲಿ. ಅದೇ ತೆರೆಯುತ್ತಿಲ್ಲ ಎಂದುಕೊಂಡು ಬದಲಾಯಿಸಿದೆ. ಮುಳ್ಳು ಮತ್ತೆ ಏರಿತು. ಹಳೆಯ ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ಥರ್ಮಾಮೀಟರ್ ಜೊತೆ ಕಾಯಿಸಿ ನೋಡಿದಾಗ, ಅದರ ಮೇಲೆ ಕೆತ್ತಿದ್ದ 82 ಡಿಗ್ರಿಗೇ ತೆರೆದುಕೊಂಡಿತು. ಬದಲಾಯಿಸುವ ಮೊದಲೇ ಮಾಡಬೇಕಾಗಿದ್ದ ಪರೀಕ್ಷೆ ಅದು.

ಸುಳಿವು ಸಿಕ್ಕಿದ್ದು ಅದೇ ಬಿಸಿ ಕೂಲಂಟ್‌ನಿಂದ ಕಾರಿನೊಳಗೆ ಬೆಚ್ಚನೆಯ ಗಾಳಿ ಕೊಡುವ ಹೀಟರ್‌ನಲ್ಲಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ನಿಂತಲ್ಲಿ ಹೀಟರ್‌ನಿಂದ ತಣ್ಣನೆಯ ಗಾಳಿ ಬರುತ್ತಿತ್ತು, ಆಕ್ಸಿಲರೇಟರ್ ಒತ್ತಿದರೆ ಸ್ವಲ್ಪ ಬೆಚ್ಚಗಾಗುತ್ತಿತ್ತು. ಕೂಲಂಟ್ ಮಟ್ಟ ಸರಿಯಾಗಿತ್ತು. ಅಂದರೆ ಬಿಸಿ ನೀರು ಇದೆ, ಆದರೆ ಹರಿಯುತ್ತಿಲ್ಲ. ಪಂಪ್ ಬಿಚ್ಚಿದೆ. ಪುಲ್ಲಿ ಬಿಗಿಯಾಗಿತ್ತು, ಬೇರಿಂಗ್ ಸದ್ದಿಲ್ಲದೆ ತಿರುಗುತ್ತಿತ್ತು, ಸೀಲ್ ಬಳಿ ಸೋರಿದ ಒದ್ದೆಯೇ ಇರಲಿಲ್ಲ. ಒಂದು ಕೈಯಲ್ಲಿ ಪುಲ್ಲಿ ಹಿಡಿದು ಇನ್ನೊಂದು ಕೈಯ ಎರಡು ಬೆರಳಿನಲ್ಲಿ ಪ್ಲಾಸ್ಟಿಕ್ ಇಂಪೆಲ್ಲರ್ (ಕೂಲಂಟ್ ತಳ್ಳುವ ರೆಕ್ಕೆಗಳ ಚಕ್ರ) ತಿರುಗಿಸಿದರೆ ಅದು ಶಾಫ್ಟ್ ಮೇಲೆ ತನ್ನಷ್ಟಕ್ಕೆ ಜಾರಿತು. ಶಾಫ್ಟ್ ಕೂರುವ ತೂತಿನಿಂದ ಕೂದಲೆಳೆಯಷ್ಟು ತೆಳುವಾದ ಬಿರುಕೊಂದು ಹೊರಟಿತ್ತು. ಕಬ್ಬಿಣದ ಇಂಪೆಲ್ಲರ್ ಹೀಗೆ ಜಾರುವುದು ಕಡಿಮೆ. ಆದರೆ ಬರೀ ನೀರು ತುಂಬಿ ಓಡಿಸಿದ ಎಂಜಿನ್‌ಗಳಲ್ಲಿ ಅದರ ರೆಕ್ಕೆಗಳು ತುಕ್ಕು ತಿಂದು ಮೊಂಡಾಗಿರುವುದನ್ನು ನೋಡಿದ್ದೇನೆ.

ಸೋರುವ ಪಂಪ್ ಪತ್ತೆ ಇಷ್ಟು ಕಷ್ಟವಲ್ಲ. ಸೀಲ್ ಮತ್ತು ಬೇರಿಂಗ್ ನಡುವೆ, ಪಂಪಿನ ಅಡಿಭಾಗಕ್ಕೆ ತೆರೆದುಕೊಳ್ಳುವ ವೀಪ್ ಹೋಲ್ ಎಂಬ ಸಣ್ಣ ರಂಧ್ರವಿರುತ್ತದೆ. ಸೀಲ್ ದಾಟಿದ ಕೂಲಂಟ್ ಬೇರಿಂಗ್‌ಗೆ ಹೋಗದೆ ಹೊರಬೀಳಲಿ ಎಂದೇ ಅದನ್ನು ಇಟ್ಟಿರುತ್ತಾರೆ. ಟಾರ್ಚ್ ಮತ್ತು ಪುಟ್ಟ ಕನ್ನಡಿ ಹಿಡಿದು ನೋಡಿ: ಅಲ್ಲಿಂದ ಕೆಳಗೆ ಒಣಗಿದ ಬಿಳಿ ಅಥವಾ ಬಣ್ಣದ ಕಲೆ ಹರಿದಿದ್ದರೆ ಸೀಲ್ ಸವೆಯುತ್ತಿದೆ. ಹೊಸ ಪಂಪಿನಲ್ಲಿ ಸೀಲ್ ಕೂರುವವರೆಗೆ ಒಂದೆರಡು ಹನಿ ಬರಬಹುದು, ಅದಕ್ಕೆ ಗಾಬರಿ ಬೇಡ. ಅನುಮಾನ ಉಳಿದರೆ ಎಂಜಿನ್ ತಣ್ಣಗಿರುವಾಗ ಪ್ರೆಷರ್ ಟೆಸ್ಟರ್ ಕೂರಿಸಿ, ರೇಡಿಯೇಟರ್ ಮುಚ್ಚಳದ ಮೇಲೆ ಬರೆದಿರುವಷ್ಟು ಒತ್ತಡ ಕೊಟ್ಟು, ಹದಿನೈದು ನಿಮಿಷ ಟೆಸ್ಟರ್‌ನ ಮುಳ್ಳು ಇಳಿಯುತ್ತದೆಯೇ ಎಂದು ಕಾಯಬೇಕು.

ಬೇರಿಂಗ್ ಸದ್ದಿನ ವಿಷಯದಲ್ಲಿ ಅವಸರ ಬೇಡ. ಆಲ್ಟರ್ನೇಟರ್, ಬೆಲ್ಟ್ ಟೆನ್ಷನರ್ ಕೂಡ ಹಾಗೆಯೇ ಗರಗರ ಎನ್ನುತ್ತವೆ. ಬೆಲ್ಟ್ ಕಳಚಿ ಒಂದೊಂದು ಪುಲ್ಲಿಯನ್ನೂ ಕೈಯಿಂದ ತಿರುಗಿಸಿ, ಅಲ್ಲಾಡಿಸಿ ನೋಡಿದರೆ ಯಾವುದರಲ್ಲಿ ಆಟವಿದೆ ಎಂದು ಬೆರಳಿಗೇ ತಿಳಿಯುತ್ತದೆ.

ಪಂಪನ್ನು ಟೈಮಿಂಗ್ ಬೆಲ್ಟ್, ಅಂದರೆ ವಾಲ್ವ್‌ಗಳ ಚಲನೆಯನ್ನು ಪಿಸ್ಟನ್‌ಗಳಿಗೆ ಹೊಂದಿಸುವ ಬೆಲ್ಟ್, ತಿರುಗಿಸುವ ಎಂಜಿನ್‌ಗಳ ಬಗ್ಗೆ ನನಗೆ ಹೆಚ್ಚು ಆತಂಕ. ಅಲ್ಲಿ ಪಂಪ್ ಕವರ್ ಒಳಗೆ ಅಡಗಿರುತ್ತದೆ, ಸೋರಿದ್ದು ಬೆಲ್ಟಿನ ಮೇಲೆ ಬಿದ್ದು ಅದನ್ನೂ ಹಾಳು ಮಾಡುತ್ತದೆ. ಬೆಲ್ಟ್ ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಬೆಲ್ಟ್ ಬದಲಾಯಿಸುವ ದಿನವೇ ಪಂಪನ್ನೂ ಬದಲಾಯಿಸಿ ಎಂದು ನಾನು ಒತ್ತಾಯಿಸುವುದು ಇದಕ್ಕೇ. ಬಿಚ್ಚುವ ಕೆಲಸ ಹೇಗೂ ಒಂದೇ.

ಪಂಪ್ ಮೇಲೆ ಆರೋಪ ಹೊರಿಸುವ ಮೊದಲು ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೋರಿಕೆ ತಡೆಯುವ ಪದರ) ನೋಡಿ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಹೋಸ್ ಕಲ್ಲಿನಂತಾದರೆ, ಕೂಲಂಟ್ ಟ್ಯಾಂಕಿನಲ್ಲಿ ಗುಳ್ಳೆ ನಿಲ್ಲದೆ ಬಂದರೆ ರೋಗ ಅಲ್ಲಿದೆ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ. ಒತ್ತಡದಲ್ಲಿ 100 ಡಿಗ್ರಿ ದಾಟಿದ ನೀರು ತೆರೆದ ಕ್ಷಣ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಮುಳ್ಳು ಕೆಳಗಿದೆ ಎಂದೂ ನಂಬಬೇಡಿ. ಕೂಲಂಟ್ ಪೂರ್ತಿ ಖಾಲಿಯಾದಾಗ ಸೆನ್ಸರ್‌ಗೆ ದ್ರವವೇ ತಾಗದೆ ಮುಳ್ಳು ಸುಳ್ಳು ಹೇಳಬಹುದು.

ಆ ಕಾರಿಗೆ ಹೊಸ ಪಂಪ್ ಹಾಕಿದ ಮೇಲೂ ಮೊದಲ ಸುತ್ತಿನಲ್ಲಿ ಹೀಟರ್ ಬಿಸಿಯಾಗಲಿಲ್ಲ. ಒಳಗೆ ಗಾಳಿ ಸಿಕ್ಕಿಹಾಕಿಕೊಂಡಿತ್ತು. ತಣ್ಣಗಾಗಲು ಬಿಟ್ಟು, ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಕೂಲಂಟ್ ಒಂದೇ ಧಾರೆಯಾಗಿ ಬರುವವರೆಗೆ ತುಂಬಿದೆ. ಆಮೇಲೆ ಓಡಿಸಿ ತಂದು ಕೆಳಗಿನ ಹೋಸ್ ಮುಟ್ಟಿದಾಗ ಅದೂ ಬಿಸಿಯಾಗಿತ್ತು.