ಕೆಲಸಗಾರರು 20ಕ್ಕಿಂತ ಕಡಿಮೆಯಾದರೆ ಪಿಎಫ್ ನಿಲ್ಲಿಸಬಹುದೇ?

ಪ್ರಶ್ನೆ: ನಮ್ಮ ಯೂನಿಟ್‌ನಲ್ಲಿ 22 ಜನ ಇದ್ದಾಗ ಪಿಎಫ್ ಶುರು ಮಾಡಿದೆವು. ಈಗ 16 ಜನ ಉಳಿದಿದ್ದಾರೆ. ಹೊಸ ಲೇಬರ್ ಕೋಡ್ ಬೇರೆ ಬಂದಿದೆ. ಈ ತಿಂಗಳಿಂದ ನಿಲ್ಲಿಸಬಹುದಲ್ಲವೇ?

ಉತ್ತರ: ನಿಲ್ಲಿಸುವ ಹಾಗಿಲ್ಲ. 16ರ ಜಾಗದಲ್ಲಿ 14, 19, 11 ಎಂದು ಅಂಕಿ ಬದಲಾಯಿಸಿ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ. ಉತ್ತರ ಮಾತ್ರ ಬದಲಾಗುವುದಿಲ್ಲ. 1952ರ ಭವಿಷ್ಯ ನಿಧಿ ಕಾಯ್ದೆಯ 1(5)ನೇ ಕಲಮು ಒಮ್ಮೆ ವ್ಯಾಪ್ತಿಗೆ ಬಂದ ಸಂಸ್ಥೆಯಲ್ಲಿ ಆಮೇಲೆ ಜನ ಎಷ್ಟೇ ಇಳಿದರೂ ವ್ಯಾಪ್ತಿ ಮುಂದುವರಿಯುತ್ತದೆ ಎಂದು ಬಿಡಿಸಿ ಹೇಳಿದೆ. 10 ಜನರ ಮಿತಿಯ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಮತ್ತು ಗ್ರಾಚ್ಯುಟಿಗೂ ಇದೇ ನಿಯಮ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ 20 ಮತ್ತು 10ರ ಮಿತಿಗಳು ಹಾಗೇ ಇವೆ, ಈ ನಿಯಮವೂ ಹಾಗೇ ಇದೆ. ಸದಸ್ಯರು ಒಬ್ಬರೂ ಇಲ್ಲದ ತಿಂಗಳಿಗೂ ಆಡಳಿತ ಶುಲ್ಕವೆಂದು 75 ರೂಪಾಯಿ ಕಟ್ಟಬೇಕು. ಸಂಸ್ಥೆಯನ್ನೇ ಮುಚ್ಚಿದರೆ ಮಾತು ಬೇರೆ.

ನಿಮ್ಮ ಪ್ರಶ್ನೆ ಇಲ್ಲಿಗೆ ಮುಗಿಯಿತು. ಆದರೆ ಇದರ ಹಿಂದೆಯೇ ಒಂದು ಹಟಮಾರಿ ನಂಬಿಕೆ ಕೂತಿದೆ: ‘ಹಾಜರಿ ಪುಸ್ತಕದಲ್ಲಿ 19 ಹೆಸರು ಇಟ್ಟುಕೊಂಡರೆ ಪಿಎಫ್‌ನವರು ಬರುವುದಿಲ್ಲ.’ ಎಷ್ಟು ಸಲ ಹೇಳಿದರೂ ಇದು ಹೋಗುತ್ತಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲು ಎಣಿಕೆ. ಕಾಯ್ದೆಯ ‘ನೌಕರ’ ಎಂಬ ವ್ಯಾಖ್ಯೆಯಲ್ಲಿ ಗುತ್ತಿಗೆದಾರನ ಮೂಲಕ ಬಂದವರೂ ಇದ್ದಾರೆ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಲೋಡಿಂಗ್‌ನವರು ‘ಏಜೆನ್ಸಿಯವರು’ ಎಂದು ಕೈತೊಳೆದುಕೊಳ್ಳಲು ಬರುವುದಿಲ್ಲ. ಏಜೆನ್ಸಿ ಪಿಎಫ್ ಕಟ್ಟದಿದ್ದರೆ ಹೊಣೆ ನಿಮ್ಮ ತಲೆಗೇ ಬರುತ್ತದೆ. ಹಾಗಾಗಿ ಆ ತಿಂಗಳ ಇಸಿಆರ್ (ಯಾರ ಹೆಸರಿಗೆ ಎಷ್ಟು ಪಿಎಫ್ ಎಂಬ ಪಟ್ಟಿ) ಮತ್ತು ಚಲನ್ ಪ್ರತಿ ಕೈಗೆ ಬರದೆ ಅವರ ಬಿಲ್ ಪಾಸ್ ಮಾಡಬೇಡಿ. ಸಂಬಳ 15,000 ದಾಟಿದ ಹೊಸಬರು ಸದಸ್ಯರಾಗಲೇಬೇಕೆಂದಿಲ್ಲ (ಹಿಂದಿನ ಕೆಲಸದ ಪಿಎಫ್ ಖಾತೆ ಇನ್ನೂ ನಡೆಯುತ್ತಿದ್ದರೆ ಆಗಲೇಬೇಕು), ಆದರೆ ಎಣಿಕೆಗೆ ಬರುತ್ತಾರೆ. ಅಪ್ರೆಂಟಿಸ್ ಕಾಯ್ದೆಯಡಿ ನೋಂದಾದವರಿಗೆ ವಿನಾಯಿತಿ ಇದೆ, ನೀವು ಬಾಯಲ್ಲಿ ‘ಟ್ರೈನಿ’ ಎಂದು ಕರೆದವರಿಗೆ ಇಲ್ಲ. ಶಾಖೆಗಳನ್ನು ಬೇರೆ ಬೇರೆ ಎಣಿಸುವಂತಿಲ್ಲ, 2ಎ ಕಲಮಿನ ಪ್ರಕಾರ ಎಲ್ಲವೂ ಒಂದೇ ಸಂಸ್ಥೆ. ಹೆಂಡತಿಯ ಹೆಸರಲ್ಲಿ ಇನ್ನೊಂದು ಫರ್ಮ್ ತೆರೆದು ಹತ್ತು ಜನರನ್ನು ಅತ್ತ ದಾಟಿಸಿದರೂ, ಯಂತ್ರ, ಹಣ, ಆಡಳಿತ ಒಂದೇ ಇದ್ದರೆ ಎರಡನ್ನೂ ಸೇರಿಸಿಯೇ ನೋಡುತ್ತಾರೆ.

ನ್ಯಾಯವಾಗಿ ಒಂದು ರಿಯಾಯಿತಿಯನ್ನೂ ಹೇಳಬೇಕು. ತುರ್ತು ಕೆಲಸಕ್ಕೆಂದು ಒಂದೆರಡು ದಿನ ಕರೆಸಿದವರನ್ನು ಈ ಲೆಕ್ಕಕ್ಕೆ ಹಿಡಿಯಬಾರದು, ವ್ಯವಹಾರದ ಸಹಜ ಓಟದಲ್ಲಿ ಕೆಲಸಕ್ಕಿರುವವರನ್ನಷ್ಟೇ ಎಣಿಸಬೇಕು ಎಂದು ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ. ಆದರೆ ವರ್ಷವಿಡೀ ಬರುವ ‘ದಿನಗೂಲಿ’ಯವರಿಗೆ ಇದು ಅನ್ವಯಿಸದು.

ಇನ್ನು ಪುಸ್ತಕ. ಹಾಜರಿ ಪುಸ್ತಕ ನಿಮ್ಮ ಕೈಯಲ್ಲಿದೆ, ನಿಜ. ಇಎಸ್‌ಐ ಪಟ್ಟಿ, ವೃತ್ತಿ ತೆರಿಗೆ ರಿಟರ್ನ್, ಬ್ಯಾಂಕಿನಿಂದ ಹೋದ ಸಂಬಳ, ಬ್ಯಾಲೆನ್ಸ್ ಶೀಟಿನ ‘ಲೇಬರ್ ಚಾರ್ಜಸ್’ ಇವೆಲ್ಲ ಹೇಳುವ ಕಥೆ ಬೇರೆಯಾದರೆ? ಇಎಸ್‌ಐಗೆ 23 ಹೆಸರು ಕೊಟ್ಟು ಪಿಎಫ್‌ಗೆ 19 ಎನ್ನುವವರೂ ಇದ್ದಾರೆ! ಬಾಕಿ ಎಷ್ಟೆಂದು ಪಿಎಫ್ ಅಧಿಕಾರಿ ತೀರ್ಮಾನಿಸುವ 7ಎ ವಿಚಾರಣೆಯಲ್ಲಿ ವ್ಯಾಪ್ತಿಯ ದಿನ ಎಂದು ಹಿಡಿಯುವುದು ನೀವು ನೋಂದಾಯಿಸಿದ ದಿನವನ್ನಲ್ಲ, 20 ಮುಟ್ಟಿದ ದಿನವನ್ನು.

ಲೆಕ್ಕ ಹಾಕಿ. ತಲಾ 15,000ದ 20 ಜನ ಎಂದರೆ ತಿಂಗಳ ಸಂಬಳ 3 ಲಕ್ಷ. ನೌಕರನ ಪಾಲು ಶೇ 12, ನಿಮ್ಮದು ಶೇ 12, ಇಡಿಎಲ್‌ಐ ವಿಮೆ ಶೇ 0.5, ಆಡಳಿತ ಶುಲ್ಕ ಶೇ 0.5. ಒಟ್ಟು ತಿಂಗಳಿಗೆ 75,000, ವರ್ಷಕ್ಕೆ 9 ಲಕ್ಷ. ಸಂಬಳ ಕೊಡುವಾಗಲೇ ಹಿಡಿಯದ ನೌಕರನ ಪಾಲನ್ನು ಆಮೇಲೆ ಅವನ ಸಂಬಳದಿಂದ ಮುರಿದುಕೊಳ್ಳುವಂತಿಲ್ಲ, ಆದ್ದರಿಂದ ಇದರಲ್ಲಿ 4.32 ಲಕ್ಷ ಅವನ ಬದಲು ನೀವು ತೆರುವ ದುಡ್ಡು. ಇದರ ಮೇಲೆ ವರ್ಷಕ್ಕೆ ಶೇ 12 ಬಡ್ಡಿ. 2024ರ ಜೂನ್ 14ರ ನಂತರದ ಬಾಕಿಗೆ ತಿಂಗಳಿಗೆ ಶೇ 1 ದಂಡ ಬೇರೆ. ಉಳಿಸಿದ್ದು ಏನು?

ಹೊಸ ಕೋಡ್‌ನಲ್ಲಿ ನಿಜಕ್ಕೂ ನೋಡಬೇಕಾದದ್ದು ‘ವೇತನ’ದ ವ್ಯಾಖ್ಯೆ, ಅದನ್ನು ಯಾರೂ ಕೇಳುವುದಿಲ್ಲ. ಲೆಕ್ಕದಿಂದ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದಷ್ಟನ್ನು ವೇತನಕ್ಕೆ ಸೇರಿಸಬೇಕು. ಒಟ್ಟು 24,000, ಬೇಸಿಕ್ 8,000, ಭತ್ಯೆ 16,000 ಎಂದಿಟ್ಟುಕೊಳ್ಳಿ. ಅರ್ಧ 12,000, ಮೀರಿದ್ದು 4,000, ಹಾಗಾಗಿ ವೇತನ 12,000. ಪಿಎಫ್‌ಗೆ ನೌಕರನ ಪಾಲು 960 ಅಲ್ಲ, 1,440. ಸ್ಯಾಲರಿ ಸ್ಲಿಪ್ಪಿನ ಎಕ್ಸೆಲ್ ಹಾಳೆಯನ್ನು ಇವತ್ತೇ ತೆರೆದು ನೋಡಿ.

ಹೊಸದಾಗಿ ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡವರಿಗೆ ಇದಕ್ಕೆ ತದ್ವಿರುದ್ಧ ಗಾಬರಿ. ಕಂಪನಿ ನೋಂದಣಿಯ ಜೊತೆಗೇ ಪಿಎಫ್, ಇಎಸ್‌ಐ ಕೋಡ್ ಬಂದುಬಿಡುತ್ತದೆ, ಇನ್ನೂ ಮೂರೇ ಜನ ಇರುತ್ತಾರೆ. ನಂಬರ್ ಬಂದ ಮಾತ್ರಕ್ಕೆ ಕಟ್ಟಬೇಕಿಲ್ಲ, ಕಟ್ಟುವ ಬಾಧ್ಯತೆ ಮಿತಿ ಮುಟ್ಟಿದ ಮೇಲೆ. ಅವರು ಗಾಬರಿಯಾಗಬೇಕಾದದ್ದು ಬೇರೆ ಕಡೆ. ವ್ಯವಹಾರ ಸೊನ್ನೆ ಇದ್ದರೂ ವಾರ್ಷಿಕ ಸಭೆಯಾದ 30 ದಿನದೊಳಗೆ ಲೆಕ್ಕಪತ್ರಗಳ ಫಾರ್ಮ್ ಎಒಸಿ-4, 60 ದಿನದೊಳಗೆ ವಾರ್ಷಿಕ ರಿಟರ್ನ್, ಸಣ್ಣ ಕಂಪನಿಯಾದರೆ ಎಂಜಿಟಿ-7ಎ, ಸಲ್ಲಿಸಬೇಕು. ತಡವಾದರೆ ಒಂದೊಂದು ಫಾರ್ಮಿಗೂ ದಿನಕ್ಕೆ 100 ರೂಪಾಯಿ, ಗರಿಷ್ಠ ಮಿತಿ ಇಲ್ಲ. ಎರಡೂ 150 ದಿನ ತಡವಾದರೆ 30,000. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹ, ಆ ಕಂಪನಿಗಷ್ಟೇ ಅಲ್ಲ, ಬೇರೆ ಕಂಪನಿಗಳಲ್ಲೂ.