ಓದುಗರ ಪ್ರಶ್ನೆ: ಆಯಿಲ್ ಜಾಸ್ತಿ ಹಾಕಿದರೆ ಬೋಟ್ ಮೋಟಾರ್ ಜಾಮ್ ಆಗುವುದಿಲ್ಲವೇ?

ಪ್ರಶ್ನೆ: ನಮ್ಮ ದೋಣಿಯ ಹಳೇ ಟೂ ಸ್ಟ್ರೋಕ್ ಮೋಟಾರು ಹಿನ್ನೀರಿನ ನಡುವೆ ಜಾಮ್ ಆಗಿ ನಿಂತಿತು. ಹಗ್ಗ ಎಳೆದರೆ ಅಲ್ಲಾಡುತ್ತಿಲ್ಲ. ಪಿಸ್ಟನ್ನು, ರಿಂಗು ತಂದು ಮನೆಯಲ್ಲೇ ಹಾಕಿಕೊಳ್ಳಬಹುದೇ? ಇನ್ನು ಮುಂದೆ ಪೆಟ್ರೋಲಿಗೆ ಆಯಿಲ್ ಸ್ವಲ್ಪ ಜಾಸ್ತಿ ಹಾಕಿದರೆ ಸಾಕಲ್ಲವೇ?

ಮೊದಲನೆಯದಕ್ಕೆ ಉತ್ತರ, ಧಾರಾಳವಾಗಿ ಹಾಕಿಕೊಳ್ಳಬಹುದು. ಎರಡನೆಯದಕ್ಕೆ, ಸಾಲದು. ಈ ಎರಡನೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಶರಾವತಿ ಹಿನ್ನೀರಿನ ತುಮರಿ ಕಡೆಯವರು ಕೇಳುತ್ತಾರೆ, ಹೊಸನಗರದ ಕಡೆಯವರು ಕೇಳುತ್ತಾರೆ. ಕೇಳಿ, ತಲೆ ಅಲ್ಲಾಡಿಸಿ, ಮನೆಗೆ ಹೋಗಿ ಕ್ಯಾನಿಗೆ ಮತ್ತೊಂದು ಮುಚ್ಚಳ ಆಯಿಲ್ ಹೊಯ್ಯುತ್ತಾರೆ. ಆದ್ದರಿಂದ ಈ ಸಲ ಅದನ್ನೇ ಮೊದಲು ಮುಗಿಸುತ್ತೇನೆ.

ಈ ನಂಬಿಕೆ ಹುಟ್ಟಿದ್ದಕ್ಕೆ ಕಾರಣ ಇದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಓಡಿಸಿದವರಿಗೆ, ಬಂಕಿನಲ್ಲಿ ಸ್ಕೂಟರಿಗೆ ಟೂ-ಟಿ ಆಯಿಲ್ ಹೊಡೆಸಿದವರಿಗೆ ಹೊಗೆ ಎಂದರೆ ಇಂಜಿನ್ನಿನ ಆರೋಗ್ಯ. ಅದಕ್ಕೂ ಹಳೆಯ ಇಂಜಿನ್ನುಗಳಲ್ಲಿ ಬುಷ್ ಬೇರಿಂಗ್, ಅಂದರೆ ಉರುಳೆ ಇಲ್ಲದ ಬರೀ ಲೋಹದ ಬಳೆ ಇರುತ್ತಿತ್ತು, ಆಗಿನ ಆಯಿಲ್ ಕೂಡ ಅಷ್ಟಕ್ಕಷ್ಟೇ. ಹಾಗಾಗಿ ಜಾಸ್ತಿ ಬೇಕಿತ್ತು. ಈಚಿನ ಔಟ್‌ಬೋರ್ಡುಗಳಲ್ಲಿ, ಅಂದರೆ ದೋಣಿಯ ಹಿಂದೆ ತಗುಲಿಸುವ ಮೋಟಾರುಗಳಲ್ಲಿ, ಉರುಳೆಯ ರೋಲರ್ ಬೇರಿಂಗ್ ಇದೆ. ಬಹುತೇಕ ಮಾಡೆಲ್‌ಗಳಿಗೆ ಕಂಪನಿ ಹೇಳುವುದು 50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್. ಅಂದರೆ ಲೀಟರಿಗೆ 20 ಎಂಎಲ್, 5 ಲೀಟರ್ ಕ್ಯಾನಿಗೆ 100 ಎಂಎಲ್. ನಮ್ಮವರ ಅಳತೆ ಏನು? ಕ್ವಾರ್ಟರ್ ಬಾಟಲಿ. ಅದು ತುಂಬಿದರೆ 180 ಎಂಎಲ್. 5 ಲೀಟರಿಗೆ ಅದನ್ನು ಪೂರ್ತಿ ಬಗ್ಗಿಸಿದರೆ ಲೆಕ್ಕ 28ಕ್ಕೆ 1 ಆಯಿತು, ಸರಿಸುಮಾರು ದುಪ್ಪಟ್ಟು. ದನದ ಔಷಧದ ಅಂಗಡಿಯಲ್ಲಿ 50 ಎಂಎಲ್ ಸಿರಿಂಜು ಸಿಗುತ್ತದೆ, ತಂದಿಟ್ಟುಕೊಳ್ಳಿ.

ಜಾಸ್ತಿ ಆದರೆ ಏನಾಗುತ್ತದೆ? ಟೂ ಸ್ಟ್ರೋಕಿನಲ್ಲಿ ಆಯಿಲ್ ಒಂದು ಕಡೆ ಕೂತು ಸುತ್ತುವುದಿಲ್ಲ. ಪೆಟ್ರೋಲಿನ ಜೊತೆ ಪಿಸ್ಟನ್ನಿನ ಕೆಳಗಿನ ಕೋಣೆಗೆ, ಅಂದರೆ ಕ್ರ್ಯಾಂಕ್‌ಕೇಸಿಗೆ ಬಂದು, ಬೇರಿಂಗು ಸವರಿ, ಮೇಲೆ ಹೋಗಿ ಉರಿಯುತ್ತದೆ. ಸಾಕಷ್ಟು ಇದ್ದಮೇಲೆ ಹೆಚ್ಚಿನದ್ದಕ್ಕೆ ಅಲ್ಲಿ ಕೆಲಸವಿಲ್ಲ, ಅರೆಬೆಂದು ಮಸಿಯಾಗುತ್ತದೆ. ಬಲೆ ಬಿಡುವವರು ಮೋಟಾರನ್ನು ನಿಧಾನಕ್ಕೆ, ಗಂಟೆಗಟ್ಟಲೆ ಓಡಿಸುತ್ತಾರೆ. ಇಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಮಸಿ ಇನ್ನೂ ಬೇಗ ಕಟ್ಟುತ್ತದೆ. ಮೊದಲು ಪ್ಲಗ್ ಒದ್ದೆಯಾಗಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಆಮೇಲೆ ರಿಂಗಿನ ಕಾಲುವೆಯಲ್ಲಿ ಮಸಿ ಗಟ್ಟಿಯಾಗಿ ರಿಂಗು ಅಲ್ಲೇ ಅಂಟಿಕೊಳ್ಳುತ್ತದೆ. ಅಂಟಿದ ರಿಂಗು ಸಿಲಿಂಡರಿಗೆ ಒತ್ತುವುದಿಲ್ಲ, ಉರಿ ಅದರ ಪಕ್ಕದಿಂದಲೇ ಕೆಳಗೆ ನುಗ್ಗಿ ಪಿಸ್ಟನ್ನಿನ ಮೈ ಸುಡುತ್ತದೆ. ಇಂಜಿನ್ ಉಳಿಯಲಿ ಎಂದು ಹಾಕಿದ ಆಯಿಲ್ಲೇ ಜಾಮಿಗೆ ದಾರಿ ಮಾಡಿಕೊಟ್ಟಂತಾಯಿತು. ಇನ್ನೊಂದು ಮಾತು: ಕಾರ್ಬ್ಯುರೇಟರಿನ ಜೆಟ್ಟಿಗೆ ಗೊತ್ತಿರುವುದು ತೂತಿನ ಅಳತೆ ಮಾತ್ರ. ಆ ತೂತಿನಲ್ಲಿ ಆಯಿಲ್ ಜಾಸ್ತಿ ಹೋದಷ್ಟೂ ಪೆಟ್ರೋಲ್ ಕಡಿಮೆ ಹೋಗಿ ಗಾಳಿಯ ಪಾಲು ಹೆಚ್ಚುತ್ತದೆ. ವ್ಯತ್ಯಾಸ ಸಣ್ಣದೇ, ಆದರೆ ಅದು ಇಂಜಿನ್ನನ್ನು ಬಿಸಿಯಾಗಿಸುವ ದಿಕ್ಕಿನದು.

ಹೊಸ ಪಿಸ್ಟನ್ ಹಾಕಿದಾಗ ಮಾತ್ರ ಮೊದಲ ಕೆಲವು ಗಂಟೆ 25ಕ್ಕೆ 1 ಹಾಕಿ ಎಂದು ಅನೇಕ ಕಂಪನಿಗಳು ಹೇಳುತ್ತವೆ. ಮೆಕ್ಯಾನಿಕ್ ಹೇಳಿದ ಆ ಮಾತನ್ನು ಜನ ಜನ್ಮಪೂರ್ತಿ ಪಾಲಿಸುತ್ತಾರೆ.

ಎಲ್ಲಕ್ಕಿಂತ ಮುಖ್ಯ, ನಿಮ್ಮ ಮೋಟಾರು ಜಾಮ್ ಆಗಿದ್ದು ಆಯಿಲ್ ಕಡಿಮೆಯಾಗಿಯೇ ಎಂದು ಯಾರು ಹೇಳಿದರು? ಹೆಡ್ ಬಿಚ್ಚಿ, ಸಿಲಿಂಡರ್ ಕಳಚಿ, ಪಿಸ್ಟನ್ ಕೈಯಲ್ಲಿ ಹಿಡಿದು ನೋಡಿ. ಹೊಗೆ ಹೊರಹೋಗುವ ಎಕ್ಸಾಸ್ಟ್ ಕಡೆ ಮಾತ್ರ ಉದ್ದುದ್ದಕ್ಕೆ ಕೆರೆದಿದ್ದರೆ ಬಿಸಿ ಜಾಸ್ತಿಯಾಗಿದೆ: ನೀರು ಬಂದಿಲ್ಲ ಅಥವಾ ಎಲ್ಲೋ ಗಾಳಿ ಎಳೆಯುತ್ತಿದೆ. ಪಿಸ್ಟನ್ನಿನ ಸುತ್ತ ನಾಲ್ಕು ಕಡೆ ನಾಲ್ಕು ಗೀರಿದ್ದರೆ ತಣ್ಣಗಿದ್ದ ಇಂಜಿನ್ನಿಗೆ ಒಮ್ಮೆಲೇ ಫುಲ್ ಥ್ರಾಟಲ್ ಕೊಟ್ಟಿದ್ದೀರಿ. ನೆತ್ತಿಯಲ್ಲಿ ತೂತು ಬಿದ್ದಿದ್ದರೆ ಒಳಗೆ ಹೊತ್ತಲ್ಲದ ಹೊತ್ತಿನಲ್ಲಿ ಉರಿ ಹತ್ತಿದೆ. ಪೆಟ್ರೋಲ್ ಮಾಡೆಲ್ಲಿಗೆ ಸೀಮೆಎಣ್ಣೆ ಕುಡಿಸಿದವರಲ್ಲಿ ಇದನ್ನು ಕಾಣಬಹುದು. ಕರಾವಳಿಯ ಮೀನುಗಾರರು ಸೀಮೆಎಣ್ಣೆ ಹಾಕುವುದು ಅದಕ್ಕೆಂದೇ ಮಾಡಿದ, ಕಂಪ್ರೆಷನ್ ಕಡಿಮೆ ಇರುವ ಮೋಟಾರಿಗೆ. ಸುತ್ತಲೂ ಒಂದೇ ಸಮ ಒಣಗಿ ಕೆರೆದಿದ್ದರೆ ಮಾತ್ರ ಆಯಿಲ್ ಮರೆತಿದ್ದೀರಿ ಎಂದು ಅರ್ಥ.

ನಮ್ಮ ಕಡೆ ನಾನು ಮೊದಲು ಅನುಮಾನಿಸುವುದು ನೀರನ್ನೇ. 1964ರಲ್ಲಿ ಮುಗಿದ ಲಿಂಗನಮಕ್ಕಿ ಜಲಾಶಯದ ಪೂರ್ಣ ಮಟ್ಟ 1,819 ಅಡಿ. ಮೇ ತಿಂಗಳ ಹೊತ್ತಿಗೆ ನೀರು ಇಳಿದು ಮಡೆನೂರಿನ ಹಳೇ ಅಣೆಕಟ್ಟು ತಲೆ ಎತ್ತುತ್ತದೆ, ಮುಳುಗಿದ ಕಾಡಿನ ಬೊಡ್ಡೆಗಳೂ ಎದ್ದು ಕೂರುತ್ತವೆ. ದಡದ ಹತ್ತಿರ ಮೋಟಾರು ಹೀರುವುದು ಅರ್ಧ ಕೆಸರು. ಇಂಜಿನ್ನಿಗೆ ನೀರು ಎತ್ತುವ ಪಂಪು ಕೆಳಗೆ ಗೇರ್‌ಬಾಕ್ಸಿನ ಮೇಲಿದೆ, ಅದರಲ್ಲಿರುವುದು ಒಂದು ರಬ್ಬರ್ ಇಂಪೆಲ್ಲರ್. ಅದರ ರೆಕ್ಕೆ ಸವೆದರೆ, ಮಡಚಿ ಸೆಟೆದುಕೊಂಡರೆ, ಮುರಿದರೆ ನೀರು ಮೇಲೇರುವುದಿಲ್ಲ. ಆಗ ಆಯಿಲ್ ಜಾಸ್ತಿ ಹಾಕುವುದು ಹೊಟ್ಟೆನೋವಿಗೆ ತಲೆಗೆ ಎಣ್ಣೆ ತಿಕ್ಕಿದ ಹಾಗೆ. ಇಂಪೆಲ್ಲರ್ ತೆಗೆದಾಗ ರೆಕ್ಕೆ ಎಣಿಸಿ. ಒಂದು ತುಂಡು ಕಾಣದಿದ್ದರೆ ಅದು ಮೇಲಿನ ನೀರಿನ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿದೆ. ಅದನ್ನು ಹುಡುಕಿ ತೆಗೆಯದೆ ಹೊಸ ಇಂಪೆಲ್ಲರ್ ಹಾಕಿ ಪ್ರಯೋಜನವಿಲ್ಲ. ಪಕ್ಕದಿಂದ ಚಿಮ್ಮುವ ಸಣ್ಣ ಧಾರೆ ನಿಂತರೆ ಕೂಡಲೇ ಮೋಟಾರ್ ಆಫ್ ಮಾಡಿ. ಆಮೇಲೆ ಆ ತೂತಿಗೆ ಹಿಡಿಕಡ್ಡಿ ಹಾಕಿ ನೋಡಿ, ಕೆಲವೊಮ್ಮೆ ಕಟ್ಟಿರುವುದು ಅಷ್ಟೇ ಆಗಿರುತ್ತದೆ.

ಇನ್ನು ಮನೆಯ ಕೆಲಸ. ಫ್ಲೈವೀಲ್ ತೆಗೆಯಲು ಪುಲ್ಲರ್ ಬೇಕು, ಸುತ್ತಿಗೆ ಬೇಡ. ಸಿಲಿಂಡರಿಗೆ ಅಂಟಿದ ಅಲ್ಯೂಮಿನಿಯಂ ಕೆರೆದು ತೆಗೆದಮೇಲೆ ಗೀರು ಉಗುರಿಗೆ ಸಿಗುತ್ತದೋ ನೋಡಿ. ಸಿಗದಿದ್ದರೆ ಹೋನಿಂಗ್ ಸಾಕು, ಅಂದರೆ ಒಳಮೈಯನ್ನು ಕಲ್ಲಿನಿಂದ ಹಗುರಾಗಿ ಉಜ್ಜುವುದು. ಸಿಕ್ಕರೆ, ಒಳಗಿನ ಸ್ಲೀವ್ ಬೀಡು ಕಬ್ಬಿಣದ್ದಾದರೆ ಬೋರಿಂಗ್ ಮಾಡಿಸಬೇಕು, ಅಂದರೆ ಸಿಲಿಂಡರನ್ನು ಒಳಗಿನಿಂದ ಕೊರೆದು ತುಸು ಅಗಲ ಮಾಡಿಸಬೇಕು. ಓವರ್‌ಸೈಜ್ ಪಿಸ್ಟನ್ ಮೊದಲು ಕೊಂಡು, ಅದನ್ನೇ ಲೇತ್ ಅಂಗಡಿಗೆ ಒಯ್ದು, ಅದರ ಅಳತೆಗೆ ಬೋರ್ ಮಾಡಿಸಿ. ದಿನವಿಡೀ ಟಿಲ್ಲರು, ಟ್ರ್ಯಾಕ್ಟರಿನ ಸಿಲಿಂಡರ್ ನೋಡುವ ಲೇತಿನವರಿಗೆ ನೀವೇ ನೆನಪಿಸಬೇಕಾದ ಮಾತೊಂದಿದೆ: ಪೋರ್ಟುಗಳ, ಅಂದರೆ ಸಿಲಿಂಡರ್ ಗೋಡೆಯಲ್ಲಿರುವ ಕಿಂಡಿಗಳ ಅಂಚನ್ನು ಉಜ್ಜಿ ಮೊಂಡು ಮಾಡಿ ಕೊಡಬೇಕು. ಅಂಚು ಚೂಪಾಗಿ ಉಳಿದರೆ ರಿಂಗು ಸಿಕ್ಕಿ ತುಂಡಾಗುತ್ತದೆ. ಅದೇ ಕಾರಣಕ್ಕೆ ರಿಂಗಿನ ಬಾಯಿ ಕಾಲುವೆಯಲ್ಲಿರುವ ಸಣ್ಣ ಪಿನ್ನಿಗೆ ಸರಿಯಾಗಿ ಕೂರಬೇಕು. ಪಿಸ್ಟನ್ನಿನ ಬಾಣದ ಗುರುತು ಸಾಮಾನ್ಯವಾಗಿ ಎಕ್ಸಾಸ್ಟ್ ಕಡೆಗೆ. ಪಿಸ್ಟನ್ ಪಿನ್ನು ಜಾರದಂತೆ ಹಿಡಿಯುವ ಸರ್ಕ್ಲಿಪ್ಪು, ಹೆಡ್ ಪ್ಯಾಕಿಂಗ್ ಹೊಸದೇ ಆಗಬೇಕು, ಹತ್ತಿಪ್ಪತ್ತು ರೂಪಾಯಿ ಉಳಿಸುವ ಜಾಗ ಇದಲ್ಲ. ಕ್ರ್ಯಾಂಕಿನ ಮೇಲಿನ, ಕೆಳಗಿನ ಸೀಲನ್ನೂ ಬದಲಿಸಿ. ಸೋರುವ ಸೀಲಿನಿಂದ ಗಾಳಿ ನುಗ್ಗಿ ಮಿಶ್ರಣ ತೆಳುವಾದರೆ ಹೊಸ ಪಿಸ್ಟನ್ನೂ ಹಳೆಯದರ ದಾರಿ ಹಿಡಿಯುತ್ತದೆ. ಮೊದಲ ಸ್ಟಾರ್ಟ್ ನೀರು ತುಂಬಿದ ಡ್ರಮ್ಮಿನಲ್ಲಿ. ಅಂಗಳದಲ್ಲಿ ಒಣ ಓಡಿಸಿ "ಶಬ್ದ ಕೇಳೋಣ" ಎಂದರೆ ಹೊಸ ಇಂಪೆಲ್ಲರ್ ಹೋಯಿತು.

ಯಾರೂ ಕೇಳದಿದ್ದರೂ ಇನ್ನೊಂದು ಹೇಳಬೇಕು. 2025ರ ಜುಲೈಯಲ್ಲಿ ಸಿಗಂದೂರಿನ ಸೇತುವೆ ಆದಮೇಲೆ ಎಷ್ಟೋ ಮನೆಯ ಮೋಟಾರು ಕೊಟ್ಟಿಗೆಯ ಮೂಲೆ ಸೇರಿವೆ, ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದ ಹಾಗೆಯೇ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರು ಹೀರುತ್ತದೆ, ನಮ್ಮ ಮಳೆಗಾಲದ ಗಾಳಿಯಲ್ಲಿ ನೀರಿಗೇನು ಬರ. ಮಿತಿ ಮೀರಿದರೆ ನೀರೂ ಎಥನಾಲೂ ಒಟ್ಟಾಗಿ ಟ್ಯಾಂಕಿನ ತಳ ಸೇರುತ್ತವೆ, ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಪೈಪು ಹೀರುವುದು ತಳದಿಂದ. ಕ್ವಾರ್ಟರಿನ ಬದಲು ಫುಲ್ ಬಾಟಲಿ ಆಯಿಲ್ ಹೊಯ್ದಿದ್ದರೂ ಆಗ ಇಂಜಿನ್ನಿಗೆ ಸಿಗುವುದು ಆಯಿಲ್ಲೇ ಇಲ್ಲದ ನೀರು. ಮಳೆ ಹಿಡಿಯುವ ಮೊದಲೇ ಟ್ಯಾಂಕ್ ಖಾಲಿ ಮಾಡಿ. ಡ್ರಮ್ಮಿನಲ್ಲಿ ಸ್ಟಾರ್ಟ್ ಮಾಡಿ ಪೆಟ್ರೋಲ್ ಪೈಪ್ ಕಳಚಿ, ಕಾರ್ಬ್ಯುರೇಟರ್ ಒಣಗಿ ತಾನಾಗಿ ನಿಲ್ಲುವ ತನಕ ಬಿಡಿ. ಪ್ಲಗ್ ತೆಗೆದು ಒಂದು ಚಮಚ ಆಯಿಲ್ ಬಿಟ್ಟು, ಹಗ್ಗವನ್ನು ಮೆಲ್ಲಗೆ ಎಳೆದು, ಮೋಟಾರನ್ನು ನೆಟ್ಟಗೆ ನಿಲ್ಲಿಸಿ. ತೆಗೆದ ಪೆಟ್ರೋಲನ್ನು ದಂಡ ಮಾಡುವುದೇಕೆಂದು ತೋಟದ ಕಳೆ ಕಟರಿಗೆ ಸುರಿಯಬೇಡಿ. ಬೋಟಿನ ಟಿಸಿ-ಡಬ್ಲ್ಯೂ3 ಆಯಿಲ್ ನೀರಿನಿಂದ ತಣ್ಣಗಾಗುವ ಇಂಜಿನ್ನಿಗೆ ಮಾಡಿದ್ದು. ಕಟರು ಗಾಳಿಯಿಂದ ತಣ್ಣಗಾಗಬೇಕಾದ, ಅದಕ್ಕಿಂತ ತುಂಬ ಬಿಸಿ ಓಡುವ ಯಂತ್ರ. ಅದಕ್ಕೆ ಹಾಕುವ ಆಯಿಲ್ ಡಬ್ಬದ ಮೇಲೆ ಜಾಸೋ ಎಫ್‌ಸಿ ಅಥವಾ ಎಫ್‌ಡಿ ಎಂದಿರಬೇಕು.