ಥಾಯ್ ಮನೆ, ಅಲ್ಬೇನಿಯನ್ ಮನೆ: ಆದಾಯದ ಕೋಷ್ಟಕವನ್ನು ಓದುವ ಮೊದಲು

ಅಮೆರಿಕದಲ್ಲಿ ನೆಲೆಸಿರುವ ಥಾಯ್ ಸಮುದಾಯ ಮತ್ತು ಆಗ್ನೇಯ ಯುರೋಪಿನ ಅಲ್ಬೇನಿಯಾದಿಂದ ಬಂದ ವಲಸಿಗರು, ಈ ಇಬ್ಬರಲ್ಲಿ ಆರ್ಥಿಕವಾಗಿ ಹೆಚ್ಚು ಸುಸ್ಥಿತಿಯಲ್ಲಿ ಇರುವವರು ಯಾರು ಎಂದು ತಿಳಿಯಬಯಸುವವರಿಗೆ ಇಂದು ಕೋಷ್ಟಕಗಳ ಕೊರತೆಯಿಲ್ಲ. ಆ ದೇಶದ ಜನಗಣತಿ ಇಲಾಖೆ 2005ರಿಂದ ಪೂರ್ಣ ಪ್ರಮಾಣದಲ್ಲಿ ನಡೆಸುತ್ತಿರುವ ಅಮೆರಿಕನ್ ಕಮ್ಯುನಿಟಿ ಸರ್ವೆ ಎಂಬ ಮಾದರಿ ಸಮೀಕ್ಷೆಯು ಪ್ರತಿವರ್ಷ ಸುಮಾರು 35 ಲಕ್ಷ ವಿಳಾಸಗಳನ್ನು ಆರಿಸಿಕೊಂಡು, ಅಲ್ಲಿರುವವರು ಎಲ್ಲಿ ಹುಟ್ಟಿದರು, ತಮ್ಮ ಮೂಲವನ್ನು ಏನೆಂದು ಹೇಳಿಕೊಳ್ಳುತ್ತಾರೆ, ಏನು ಕೆಲಸ ಮಾಡುತ್ತಾರೆ, ಎಷ್ಟು ಸಂಪಾದಿಸುತ್ತಾರೆ ಎಂದು ಕೇಳುತ್ತದೆ. ಅದರಿಂದ ಎರಡು ಸಾಲುಗಳನ್ನು ಎತ್ತಿ ಅಕ್ಕಪಕ್ಕ ಇಡುವುದು ಐದು ನಿಮಿಷದ ಕೆಲಸ. ಹಲವು ವರ್ಷಗಳಿಂದ ಈ ಸಮೀಕ್ಷೆಯ ಅಂಕಿ ಅಂಶಗಳನ್ನು ಸ್ಥಳೀಯ ಸಂಸ್ಥೆಗಳಿಗಾಗಿ ವಿಶ್ಲೇಷಿಸುತ್ತ ಬಂದಿರುವ ನನಗೆ, ಆ ಎರಡು ಸಾಲುಗಳು ಒಂದೇ ಅಳತೆಗೋಲಿನಿಂದ ಅಳೆದವುಗಳಲ್ಲ ಎಂಬುದನ್ನು ಓದುಗರಿಗೆ ವಿವರವಾಗಿ ಹೇಳಬೇಕೆನಿಸಿದೆ. ಯಾರು ಮುಂದೆ, ಯಾರು ಹಿಂದೆ ಎಂದು ನೋಡುವ ಮೊದಲು, ಯಾರನ್ನು ಎಣಿಸಲಾಗಿದೆ ಮತ್ತು ಆ ಹಣ ಎಂಥ ಮನೆಗೆ ಬರುತ್ತಿದೆ ಎಂದು ಕೇಳಬೇಕಾಗುತ್ತದೆ.

ಎಣಿಕೆಯಿಂದಲೇ ಆರಂಭಿಸೋಣ. ಥಾಯ್ ಎಂಬ ಗುರುತು ಸಮೀಕ್ಷೆಯಲ್ಲಿ ಮುಖ್ಯವಾಗಿ ಜನಾಂಗದ ಪ್ರಶ್ನೆಯಿಂದ ಬರುತ್ತದೆ; 'ಇತರ ಏಷ್ಯನ್' ಎಂಬ ಜಾಗದಲ್ಲಿ ಥಾಯ್ ಎಂದು ಬರೆದವರೆಲ್ಲರೂ, ಅಮೆರಿಕದಲ್ಲೇ ಹುಟ್ಟಿದ ಮಕ್ಕಳೂ ಸೇರಿದಂತೆ, ಅದರಲ್ಲಿ ಬರುತ್ತಾರೆ. ಮಿಶ್ರ ಮೂಲದವರನ್ನೂ ಸೇರಿಸಿದರೆ ಈ ಸಂಖ್ಯೆ 3 ಲಕ್ಷ ಮೀರುತ್ತದೆ. ಅಲ್ಬೇನಿಯನ್ನರಿಗೆ ಜನಾಂಗದ ಪ್ರಶ್ನೆಯಲ್ಲಿ ಹಾಗೆ ಬೇರೆಯಾಗಿ ತೋರುವ ಗುರುತಿಲ್ಲ. ಅವರನ್ನು ಹುಡುಕಬೇಕಾದರೆ ಒಂದೋ ವಂಶಮೂಲದ ಪ್ರಶ್ನೆಗೆ ಹೋಗಬೇಕು, ಇಲ್ಲವೇ ಹುಟ್ಟಿದ ದೇಶದ ಪ್ರಶ್ನೆಗೆ ಹೋಗಬೇಕು. ವಂಶಮೂಲದ ಪ್ರಕಾರ 2 ಲಕ್ಷದ ಆಸುಪಾಸಿನಲ್ಲಿರುವ ಈ ಸಮುದಾಯದಲ್ಲಿ ನೆರೆಯ ಕೊಸೊವೊ, ಮಾಂಟೆನೆಗ್ರೊ, ಉತ್ತರ ಮೆಸಿಡೋನಿಯಾಗಳಿಂದ ಬಂದ ಅಲ್ಬೇನಿಯನ್ನರೂ ಇದ್ದಾರೆ. 'ಅಲ್ಬೇನಿಯಾದ ವಲಸಿಗರು' ಎಂಬ ಸಾಲಿನಲ್ಲಿ ಅವರು ಕಾಣುವುದೇ ಇಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1960 ಮತ್ತು 70ರ ದಶಕಗಳಲ್ಲೇ ನೆಲೆಯೂರಿದ ಅಲ್ಬೇನಿಯನ್ ಕುಟುಂಬಗಳಲ್ಲಿ ಬಹುಪಾಲು ಆಗಿನ ಯುಗೊಸ್ಲಾವಿಯಾದಿಂದ ಬಂದವು, ಏಕೆಂದರೆ ಕಮ್ಯುನಿಸ್ಟ್ ಆಡಳಿತದಲ್ಲಿದ್ದ ಅಲ್ಬೇನಿಯಾದ ಗಡಿ ಆಗ ಮುಚ್ಚಿತ್ತು. ಕಟ್ಟಡಗಳನ್ನು ಕೊಂಡು ಸ್ಥಿತಿವಂತರಾದ ಹಳೆಯ ಮನೆತನಗಳು ಹೀಗೆ ಕೋಷ್ಟಕದ ಹೊರಗೆ ಉಳಿದು, ಆ ಆಡಳಿತ ಕುಸಿದು 1991ರ ನಂತರ ಬಂದವರು ಮಾತ್ರ ಒಳಗೆ ಕಾಣುತ್ತಾರೆ.

ಥಾಯ್ಲೆಂಡಿನ ಕಡೆ ಇದರ ತದ್ವಿರುದ್ಧ ತೊಡಕಿದೆ. ಹುಟ್ಟಿದ ದೇಶ ಥಾಯ್ಲೆಂಡ್ ಎಂದು ಬರೆದವರೆಲ್ಲರೂ ಥಾಯ್ ಜನರಲ್ಲ. ಲಾವೋಸ್‌ನಿಂದ ಓಡಿಬಂದ ಹ್ಮಾಂಗ್ ಜನರು 1975ರ ನಂತರ ಬಾನ್ ವಿನಾಯ್‌ನಂಥ ಥಾಯ್ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದರು. ಅಲ್ಲಿ ಹುಟ್ಟಿದ ಮಕ್ಕಳು ಅಮೆರಿಕಕ್ಕೆ ಬಂದಾಗ ದಾಖಲೆಯಲ್ಲಿ ಥಾಯ್ಲೆಂಡಿನಲ್ಲಿ ಹುಟ್ಟಿದವರಾದರು. 2004ರ ನಂತರ ಥಾಯ್ಲೆಂಡಿನ ವಾಟ್ ಥಾಮ್ ಕ್ರಬೋಕ್ ಎಂಬಲ್ಲಿಂದ ಮತ್ತೆ ಸುಮಾರು 15,000 ಹ್ಮಾಂಗ್ ಜನರಿಗೆ ಅಮೆರಿಕ ಆಶ್ರಯ ನೀಡಿತು. ಬರ್ಮಾ ಗಡಿಯ ಶಿಬಿರಗಳಲ್ಲಿ ಹುಟ್ಟಿದ, ಬರ್ಮಾ ಮೂಲದ ಕರೆನ್ ಜನಾಂಗದ ಮಕ್ಕಳದೂ ಇದೇ ಕಥೆ. ಕನ್ನಡದ ಓದುಗರಿಗೆ ಇದು ಅಪರಿಚಿತ ಸಂಗತಿಯೇನಲ್ಲ. ಬೈಲುಕುಪ್ಪೆಯ ಟಿಬೆಟನ್ ವಸಾಹತಿನಲ್ಲಿ ಹುಟ್ಟಿ ಬೆಳೆದು, ಈಗ ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ನಲ್ಲಿ ನೆಲೆಸಿರುವ ಟಿಬೆಟನ್ ಒಬ್ಬರು ಹುಟ್ಟಿದ ದೇಶದ ಕೋಷ್ಟಕದಲ್ಲಿ ಭಾರತದ ವಲಸಿಗರಾಗಿಯೇ ನಮೂದಾಗುತ್ತಾರೆ. ಬೆಂಗಳೂರಿನಿಂದ ಉದ್ಯೋಗದ ವೀಸಾ ಮೇಲೆ ಹೋದ ಎಂಜಿನಿಯರ್ ಅವರ ಪಕ್ಕದಲ್ಲೇ ಇರುತ್ತಾರೆ. ಮಿನ್ನೆಸೋಟ ಅಥವಾ ವಿಸ್ಕಾನ್ಸಿನ್ ರಾಜ್ಯದ 'ಥಾಯ್ಲೆಂಡಿನಲ್ಲಿ ಹುಟ್ಟಿದವರು' ಎಂಬ ಸಾಲನ್ನು ಲಾಸ್ ಏಂಜಲೀಸ್‌ನ ಅದೇ ಸಾಲಿನೊಡನೆ ಹೋಲಿಸುವವರು ಈ ಮಾತನ್ನು ನೆನಪಿಡಬೇಕು. ಹಿಂದೊಮ್ಮೆ ನಾನೇ ಸಿದ್ಧಪಡಿಸಿದ ವರದಿಯ ಕರಡಿನಲ್ಲಿ ಈ ಭೇದ ಬಿಟ್ಟುಹೋಗಿತ್ತು. ಸಭೆಯಲ್ಲಿದ್ದ ಸಮುದಾಯದ ಕಾರ್ಯಕರ್ತೆಯೊಬ್ಬರು ಬಡತನದ ಅಂಕಿಯ ಮೇಲೆ ಬೆರಳಿಟ್ಟು, "ಇವರು ನಮ್ಮವರು, ಹ್ಮಾಂಗ್ ಜನ, ಇವರಿಗೆ ಥಾಯ್ ಭಾಷೆಯ ಕರಪತ್ರ ಕಳಿಸಿದರೆ ಓದುವವರು ಯಾರು?" ಎಂದು ಕೇಳಿದ ಮೇಲೆ ಇಡೀ ಅಧ್ಯಾಯವನ್ನು ಮತ್ತೆ ಬರೆಯಬೇಕಾಯಿತು. ಆ ಪ್ರಶ್ನೆಯ ಗಾಂಭೀರ್ಯ ನನಗೆ ಈಗಲೂ ನೆನಪಿದೆ, ಏಕೆಂದರೆ ಆ ಅಂಕಿಯ ಆಧಾರದ ಮೇಲೆ ನೆರವಿನ ಹಣ ಹಂಚಿಕೆಯಾಗುವುದಿತ್ತು.

ಇನ್ನು ಈ ಎರಡು ಸಮುದಾಯಗಳು ಅಮೆರಿಕಕ್ಕೆ ಬಂದ ದಾರಿಗಳನ್ನು ನೋಡಬೇಕು, ಏಕೆಂದರೆ ನನ್ನ ಅನುಭವದಲ್ಲಿ ಆದಾಯದ ವ್ಯತ್ಯಾಸವನ್ನು ವಿವರಿಸುವುದರಲ್ಲಿ ಸಂಸ್ಕೃತಿ, ಸ್ವಭಾವ ಎಂಬ ಮಾತುಗಳಿಗಿಂತ ವೀಸಾದ ಬಗೆ ಮತ್ತು ಬಂದ ವರ್ಷ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಅಮೆರಿಕದ 1924ರ ವಲಸೆ ಕಾನೂನಿನಡಿ ಅಲ್ಬೇನಿಯಾಕ್ಕೆ ಸಿಕ್ಕಿದ್ದು ವರ್ಷಕ್ಕೆ 100 ಜನರ ಪಾಲು ಮಾತ್ರ. ಏಷ್ಯಾದವರಿಗಂತೂ ಬಾಗಿಲು ಬಹುತೇಕ ಮುಚ್ಚಿತ್ತು. 1965ರ ವಲಸೆ ಕಾನೂನು ದೇಶವಾರು ಪಾಲಿನ ಪದ್ಧತಿಯನ್ನು ತೆಗೆದುಹಾಕಿದಾಗ ಥಾಯ್ಲೆಂಡಿನಿಂದ ವೈದ್ಯರು ಮತ್ತು ದಾದಿಯರು ಬಂದರು. ಅದೇ ಕಾಲದಲ್ಲಿ ವಿಯೆಟ್ನಾಂ ಯುದ್ಧಕ್ಕಾಗಿ ಉಡೋನ್, ಕೊರಾಟ್, ಉ-ತಪಾವ್ ಮೊದಲಾದ ನೆಲೆಗಳಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರನ್ನು ಮದುವೆಯಾದ ಥಾಯ್ ಹೆಣ್ಣುಮಕ್ಕಳು ಪತ್ನಿಯರಾಗಿ ಬಂದರು. ನಂತರ ವಿದ್ಯಾರ್ಥಿಗಳು, ಹೋಟೆಲು ನಡೆಸುವವರು, ಅಡುಗೆಯವರು ಬಂದರು. ಥಾಯ್ಲೆಂಡಿನಿಂದ ಬಂದವರಲ್ಲಿ ಹೆಂಗಸರ ಪ್ರಮಾಣ ಗಂಡಸರಿಗಿಂತ ಸ್ಪಷ್ಟವಾಗಿ ಹೆಚ್ಚು. ಒಬ್ಬೊಬ್ಬರೇ ಬಂದವರು, ಅಮೆರಿಕನ್ ಮನೆಗಳಿಗೆ ಸೊಸೆಯಾಗಿ ಹೋದವರು ಅವರಲ್ಲಿ ಬಹಳ.

ಅಲ್ಬೇನಿಯಾದ ಹಳೆಯ ವಲಸೆ ಬಾಸ್ಟನ್ ಸುತ್ತಮುತ್ತಲಿನದು. ಕೊರ್ಚಾ ಭಾಗದ ಆರ್ಥೊಡಾಕ್ಸ್ ಕ್ರೈಸ್ತರು ಅಲ್ಲಿ ಕಾರ್ಖಾನೆಗಳಲ್ಲಿ ದುಡಿದರು, 1912ರಲ್ಲಿ 'ವಾತ್ರಾ' ಎಂಬ ಸಂಘ ಕಟ್ಟಿದರು. ಆದರೆ ಇಂದಿನ ಕೋಷ್ಟಕದಲ್ಲಿ ಕಾಣುವವರು ಬೇರೆ ಪೀಳಿಗೆಯವರು. ಕಮ್ಯುನಿಸ್ಟ್ ಆಡಳಿತ ಕುಸಿದ ಮೇಲೆ, 1990ರ ಕಾನೂನಿನಿಂದ ಹುಟ್ಟಿದ, ಅರ್ಜಿದಾರರಲ್ಲಿ ಚೀಟಿ ಎತ್ತಿ ವಲಸೆ ವೀಸಾ ಕೊಡುವ ಡೈವರ್ಸಿಟಿ ವೀಸಾ ಲಾಟರಿ ಅಲ್ಬೇನಿಯನ್ನರಿಗೆ ಬಹು ದೊಡ್ಡ ಬಾಗಿಲಾಯಿತು. 1997ರ ಆರಂಭದಲ್ಲಿ ಹೊಸಬರ ಹಣದಿಂದ ಹಳಬರಿಗೆ ಬಡ್ಡಿ ಕೊಡುತ್ತಿದ್ದ ಅಲ್ಲಿಯ ಪಿರಮಿಡ್ ಉಳಿತಾಯ ಯೋಜನೆಗಳು ಮುಳುಗಿದಾಗ, ಜನಸಂಖ್ಯೆಯ ಮೂರನೆಯ ಎರಡು ಭಾಗದಷ್ಟು ಜನ ಅದರಲ್ಲಿ ಹಣ ಹೂಡಿದ್ದರು. ಮನೆ ಮಾರಿ, ದನ ಮಾರಿ ಕಟ್ಟಿದ ಹಣ ಹೋಯಿತು. (ಅದೇ ವರ್ಷ ಜುಲೈ 2ರಂದು ಥಾಯ್ಲೆಂಡಿನ ನಾಣ್ಯವಾದ ಬಾತ್‌ನ ಮೌಲ್ಯ ಕುಸಿದು ಏಷ್ಯಾದ ಹಣಕಾಸು ಬಿಕ್ಕಟ್ಟು ಆರಂಭವಾಯಿತು. ಎರಡೂ ದೇಶಗಳಲ್ಲಿ 1997 ಎಂದರೆ ಇಂದಿಗೂ ಮನೆಮನೆಯ ನೆನಪು.) ಲಾಟರಿಯ ಷರತ್ತು ಪ್ರೌಢಶಾಲಾ ಶಿಕ್ಷಣ ಅಥವಾ ತರಬೇತಿ ಬೇಡುವ ಕೆಲಸದಲ್ಲಿ ಎರಡು ವರ್ಷಗಳ ಅನುಭವ, ಗೆದ್ದವರು ಪತ್ನಿ ಅಥವಾ ಪತಿಯನ್ನೂ 21 ವರ್ಷದೊಳಗಿನ ಮಕ್ಕಳನ್ನೂ ಜೊತೆಗೆ ಕರೆತರಬಹುದಿತ್ತು. ಹಾಗಾಗಿ ಬಂದದ್ದು ಇಡೀ ಕುಟುಂಬ. ಅಲ್ಬೇನಿಯಾದ ರಾಜಧಾನಿ ತಿರಾನಾದಲ್ಲಿ ಶಿಕ್ಷಕರಾಗಿದ್ದವರು ಡೆಟ್ರಾಯ್ಟ್‌ನ ಪಿಜ್ಜಾ ಅಂಗಡಿಯಲ್ಲೋ ನ್ಯೂಯಾರ್ಕಿನ ಕಟ್ಟಡದ ಕಾವಲಿನಲ್ಲೋ ಮೊದಲ ಕೆಲಸ ಹಿಡಿದರೂ, ದುಡಿಯುವ ಕೈಗಳು ಒಂದೇ ಸೂರಿನಡಿ ಮೂರು ನಾಲ್ಕು ಇರುವುದು ಅಪರೂಪವಲ್ಲ.

ಈಗ ಅಳತೆಗೆ ಬರೋಣ. ಸಾಮಾನ್ಯವಾಗಿ ಎಲ್ಲರೂ ಮೊದಲು ನೋಡುವುದು ಮನೆಯ ಆದಾಯದ ಮಧ್ಯಾಂಕವನ್ನು, ಅಂದರೆ ಎಲ್ಲ ಮನೆಗಳನ್ನೂ ಆದಾಯದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ಬರುವ ಮನೆಯ ಆದಾಯವನ್ನು. ವಿವರಣೆಗಾಗಿ ಎರಡು ಮನೆಗಳನ್ನು ಕಲ್ಪಿಸಿಕೊಳ್ಳಿ. ಒಂದರಲ್ಲಿ ತಂದೆ, ತಾಯಿ, ದುಡಿಯುವ ಇಬ್ಬರು ಮಕ್ಕಳು, ಒಟ್ಟು ನಾಲ್ವರು; ವರ್ಷದ ಆದಾಯ 96,000 ಡಾಲರ್. ಇನ್ನೊಂದರಲ್ಲಿ ಇಬ್ಬರೇ, ಆದಾಯ 72,000 ಡಾಲರ್. ಮನೆಯ ಲೆಕ್ಕದಲ್ಲಿ ಮೊದಲನೆಯದು 24,000 ಡಾಲರ್ ಮುಂದಿದೆ. ತಲಾ ಆದಾಯ ತೆಗೆದರೆ ಮೊದಲ ಮನೆಗೆ 24,000, ಎರಡನೆಯದಕ್ಕೆ 36,000. ಈಗ ಎರಡನೆಯದು ಮುಂದೆ ಹೋಯಿತು. ಆದರೆ ನಾಲ್ವರಿಗೆ ನಾಲ್ಕು ಅಡುಗೆಮನೆ ಬೇಕಿಲ್ಲ, ನಾಲ್ಕು ಬಾಡಿಗೆ ಕಟ್ಟಬೇಕಿಲ್ಲ. ಅದಕ್ಕಾಗಿಯೇ ಅರ್ಥಶಾಸ್ತ್ರಜ್ಞರು ಆದಾಯವನ್ನು ಸದಸ್ಯರ ಸಂಖ್ಯೆಯ ವರ್ಗಮೂಲದಿಂದ ಭಾಗಿಸುವ ಪದ್ಧತಿಯೊಂದನ್ನು ಬಳಸುತ್ತಾರೆ. ಹಾಗೆ ಭಾಗಿಸಿದರೆ ಮೊದಲ ಮನೆಗೆ 48,000, ಎರಡನೆಯದಕ್ಕೆ ಸುಮಾರು 50,900 ಬರುತ್ತದೆ. ಅಂತರ ಬಹುತೇಕ ಅಳಿಸಿಹೋಗುತ್ತದೆ. ಹಣ ಬದಲಾಗಲಿಲ್ಲ, ಜನ ಬದಲಾಗಲಿಲ್ಲ, ಭಾಗಿಸುವ ಸಂಖ್ಯೆ ಮಾತ್ರ ಬದಲಾಯಿತು. ಕುಟುಂಬ ಸಮೇತ ಬಂದ ಸಮುದಾಯವನ್ನು ಒಬ್ಬೊಬ್ಬರಾಗಿ ಬಂದವರು ಹೆಚ್ಚಿರುವ ಸಮುದಾಯದೊಡನೆ ಹೋಲಿಸುವಾಗ ಈ ಮೂರು ಲೆಕ್ಕಗಳನ್ನೂ ಮುಂದಿಡದ ವರದಿಯನ್ನು ನಾನು ನಂಬುವುದಿಲ್ಲ.

ಮನೆಯ ಲೆಕ್ಕದಲ್ಲಿ ಇನ್ನೊಂದು ಸಂಗತಿ ಅಡಗಿದೆ, ಮತ್ತು ಥಾಯ್ ಸಮುದಾಯದ ಮಟ್ಟಿಗೆ ಅದು ಸಣ್ಣದಲ್ಲ. ಮನೆ ಅಥವಾ ಬಾಡಿಗೆ ಕರಾರು ಯಾರ ಹೆಸರಿನಲ್ಲಿದೆಯೋ ಅವರನ್ನು ಸಮೀಕ್ಷೆ ಯಜಮಾನ ಸ್ಥಾನದಲ್ಲಿಟ್ಟು, ಅವರ ಜನಾಂಗವನ್ನೇ ಆ ಮನೆಗೆ ಅಂಟಿಸುತ್ತದೆ. ಅಮೆರಿಕನ್ ಪತಿಯ ಹೆಸರಿನಲ್ಲಿರುವ ಮನೆಯಲ್ಲಿ ನಲವತ್ತು ವರ್ಷ ಬಾಳಿದ ಥಾಯ್ ಹೆಂಗಸಿನ ಮನೆ ಥಾಯ್ ಮನೆಗಳ ಪಟ್ಟಿಗೆ ಸೇರುವುದೇ ಇಲ್ಲ. ಪತಿ ತೀರಿಕೊಂಡು, ಮನೆ ಆಕೆಯ ಹೆಸರಿಗೆ ಬಂದು, ಪಿಂಚಣಿಯ ಆದಾಯದಲ್ಲಿ ಒಬ್ಬರೇ ಉಳಿದಾಗ ಅದು ಥಾಯ್ ಮನೆಯಾಗುತ್ತದೆ. ಹೀಗೆ ಅನುಕೂಲವಿದ್ದ ಕಾಲದಲ್ಲಿ ಪಟ್ಟಿಯ ಹೊರಗಿದ್ದ ಮನೆಗಳು ಆದಾಯ ಇಳಿದ ಮೇಲೆ ಪಟ್ಟಿಯೊಳಗೆ ಬಂದು ಮಧ್ಯಾಂಕವನ್ನು ಕೆಳಕ್ಕೆ ಎಳೆಯುತ್ತವೆ. ಬಡತನದ ಪ್ರಮಾಣವನ್ನಾದರೋ ವ್ಯಕ್ತಿಗಳ ಮೇಲೆ ಎಣಿಸುವುದರಿಂದ, ಅದೇ ಹೆಂಗಸು ಪತಿಯ ಜೊತೆಗಿದ್ದಾಗಲೂ ಅಲ್ಲಿ ಥಾಯ್ ವ್ಯಕ್ತಿಯಾಗಿಯೇ ಲೆಕ್ಕಕ್ಕೆ ಬರುತ್ತಾರೆ. ಇದರಿಂದಾಗಿ ಒಂದೇ ಸಮುದಾಯದ ಬಡತನದ ಅಂಕಿ ಮತ್ತು ಆದಾಯದ ಅಂಕಿ ಬೇರೆ ಬೇರೆ ಜನರ ಕಥೆ ಹೇಳುತ್ತವೆ. ಥಾಯ್ ವಿದ್ಯಾರ್ಥಿಗಳು ಇನ್ನೊಂದು ಉದಾಹರಣೆ. ಕಾಲೇಜಿನ ಹಾಸ್ಟೆಲಿನಲ್ಲಿದ್ದರೆ ಬಡತನದ ಲೆಕ್ಕದಿಂದ ಅವರನ್ನು ಬಿಡಲಾಗುತ್ತದೆ, ಹೊರಗೆ ಬಾಡಿಗೆ ಕೋಣೆಯಲ್ಲಿದ್ದರೆ ಸೇರಿಸಲಾಗುತ್ತದೆ. ಬ್ಯಾಂಕಾಕಿನಿಂದ ತಂದೆ ತಾಯಿ ಶುಲ್ಕ ಭರಿಸುತ್ತಿದ್ದರೂ ಕಾಗದದ ಮೇಲೆ ಅವರು ಬಡವರು.

ಅಲ್ಬೇನಿಯನ್ನರ ಲೆಕ್ಕದಲ್ಲಿ ಕಾಣದೆ ಹೋಗುವುದು ಬಾಡಿಗೆ. ನ್ಯೂಯಾರ್ಕಿನಲ್ಲಿ 'ಸೂಪರ್' ಎಂದು ಕರೆಸಿಕೊಳ್ಳುವ ಕಟ್ಟಡದ ಮೇಲ್ವಿಚಾರಕರ ಕೆಲಸದಲ್ಲಿ ಅಲ್ಬೇನಿಯನ್ನರು ಬಹಳ ಕಾಲದಿಂದ ಇದ್ದಾರೆ. ಬಾಯ್ಲರು, ನಲ್ಲಿ, ಕಸ, ಚಳಿಗಾಲದ ಹಿಮ ಎಲ್ಲವನ್ನೂ ನೋಡಿಕೊಳ್ಳುವ ಈ ಕೆಲಸಕ್ಕೆ ಸಂಬಳದ ಜೊತೆಗೆ, ಅನೇಕ ವೇಳೆ, ಅದೇ ಕಟ್ಟಡದಲ್ಲಿ ವಾಸದ ಮನೆ ಉಚಿತವಾಗಿ ಸಿಗುತ್ತದೆ. ಸಮೀಕ್ಷೆಯಲ್ಲಿ 'ಬಾಡಿಗೆ ಕೊಡದೆ ವಾಸ' ಎಂಬ ಉತ್ತರಕ್ಕೆ ಜಾಗವಿದೆ, ಆದರೆ ಆ ಉಳಿತಾಯವನ್ನು ಹಣದ ಆದಾಯಕ್ಕೆ ಕೂಡಿಸುವುದಿಲ್ಲ. ಬ್ರಾಂಕ್ಸ್‌ನ ಬಾಡಿಗೆ ಗೊತ್ತಿರುವವರಿಗೆ ಇದು ತಿಂಗಳಿಗೆ ಎಷ್ಟು ದೊಡ್ಡ ಮೊತ್ತವೆಂದು ಹೇಳಬೇಕಾಗಿಲ್ಲ. ಅಂಥ ಕುಟುಂಬ ಹತ್ತು ಹದಿನೈದು ವರ್ಷ ಕೂಡಿಟ್ಟು ಹೊರವಲಯದಲ್ಲಿ ಮನೆ ಕೊಂಡಾಗ, ಇಷ್ಟು ಕಡಿಮೆ ಆದಾಯದವರು ಮನೆ ಕೊಂಡದ್ದು ಹೇಗೆ ಎಂದು ಕೋಷ್ಟಕ ಮಾತ್ರ ಓದಿದವರು ಬೆರಗಾಗುತ್ತಾರೆ.

ಬೆಲೆಯ ವಿಚಾರವೂ ಇಲ್ಲಿಯೇ ಬರುತ್ತದೆ. ಥಾಯ್ ಜನರು ಹೆಚ್ಚಾಗಿರುವುದು ಕ್ಯಾಲಿಫೋರ್ನಿಯಾದಲ್ಲಿ. ಲಾಸ್ ಏಂಜಲೀಸ್‌ನ ಪೂರ್ವ ಹಾಲಿವುಡ್‌ನ ಒಂದು ಭಾಗಕ್ಕೆ 1999ರಲ್ಲಿ ಅಧಿಕೃತವಾಗಿ ಥಾಯ್ ಟೌನ್ ಎಂಬ ಹೆಸರೂ ಬಂತು. ಅಲ್ಬೇನಿಯನ್ನರು ನ್ಯೂಯಾರ್ಕ್, ಮಿಷಿಗನ್, ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ರಾಜ್ಯಗಳಲ್ಲಿದ್ದಾರೆ. ಡೆಟ್ರಾಯ್ಟ್ ಬಳಿಯ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಒಂದು ಮನೆ ಕೊಳ್ಳಲು ಬೇಕಾದ ಆದಾಯಕ್ಕೂ ಲಾಸ್ ಏಂಜಲೀಸ್‌ನಲ್ಲಿ ಬೇಕಾದ ಆದಾಯಕ್ಕೂ ಹೋಲಿಕೆಯೇ ಇಲ್ಲ. ಆದರೂ ಅಮೆರಿಕದ ಅಧಿಕೃತ ಬಡತನ ರೇಖೆ ಎರಡೂ ಕಡೆ ಒಂದೇ. 1960ರ ದಶಕದ ಮೊದಲ ವರ್ಷಗಳಲ್ಲಿ ಮಾಲಿ ಒರ್ಶಾನ್ಸ್ಕಿ ಎಂಬ ಸರ್ಕಾರಿ ಅರ್ಥಶಾಸ್ತ್ರಜ್ಞೆ ಕನಿಷ್ಠ ಆಹಾರದ ಖರ್ಚನ್ನು ಮೂರರಿಂದ ಗುಣಿಸಿ ರೂಪಿಸಿದ ರೇಖೆ ಅದು. ಬೆಲೆ ಏರಿಕೆಗೆ ತಕ್ಕಂತೆ ಏರಿಸಲಾಗಿದೆ, ಊರಿಗೆ ತಕ್ಕಂತೆ ಅಲ್ಲ. ವಸತಿ ವೆಚ್ಚವನ್ನು ಊರುವಾರು ಗಣಿಸುವ ಪೂರಕ ಬಡತನ ಮಾಪನ 2011ರಿಂದ ಪ್ರಕಟವಾಗುತ್ತಿದೆಯಾದರೂ, ಸಮುದಾಯಗಳನ್ನು ಹೋಲಿಸುವ ಜನಪ್ರಿಯ ಪಟ್ಟಿಗಳಲ್ಲಿ ಹೆಚ್ಚಾಗಿ ಹಳೆಯ ರೇಖೆಯೇ ಇರುತ್ತದೆ.

ಊರಿಗೆ ಕಳುಹಿಸುವ ಹಣವನ್ನು ಸಮೀಕ್ಷೆ ಆದಾಯದಿಂದ ಕಳೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಎರಡೂ ಸಮುದಾಯಗಳಲ್ಲಿ ಈ ಹೊರೆ ಇದೆ, ಮನೆಯಿಂದ ಮನೆಗೆ ಬಹಳ ವ್ಯತ್ಯಾಸವಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ಅಂಕಿಗೆ ಸಿಗದ ಜನರಿದ್ದಾರೆ. 1995ರ ಆಗಸ್ಟ್ 2ರಂದು ಲಾಸ್ ಏಂಜಲೀಸ್ ಬಳಿಯ ಎಲ್ ಮೊಂಟೆಯಲ್ಲಿ, ಮುಳ್ಳುತಂತಿ ಸುತ್ತಿದ ವಸತಿ ಕಟ್ಟಡವೊಂದರಿಂದ 72 ಥಾಯ್ ಕಾರ್ಮಿಕರನ್ನು ಬಿಡಿಸಲಾಯಿತು. ಅವರಲ್ಲಿ ಬಹುತೇಕರು ಹೆಂಗಸರು, ಸಾಲದ ಹೆಸರಿನಲ್ಲಿ ಕೂಡಿಹಾಕಲ್ಪಟ್ಟು ಬಟ್ಟೆ ಹೊಲಿಯುತ್ತಿದ್ದವರು. ಅಂಥ ಬಾಗಿಲನ್ನು ತಟ್ಟುವ ಸಮೀಕ್ಷಕರಿಗೆ ಒಳಗಿನಿಂದ ನಿಜವಾದ ಉತ್ತರ ಬರುವ ಸಾಧ್ಯತೆ ಇರಲಿಲ್ಲ. ಥಾಯ್ ಸಮುದಾಯದ ಮಧ್ಯಾಂಕದ ಬಗ್ಗೆ ಬರೆಯುವಾಗಲೆಲ್ಲ ನಾನು ಆ 72 ಜನರನ್ನು ನೆನೆಯುತ್ತೇನೆ, ಏಕೆಂದರೆ ಒಬ್ಬ ದಾದಿಯ ಸಂಬಳ ಮತ್ತು ಅವರ ದುಡಿಮೆ ಎರಡೂ ಒಂದೇ ಹೆಸರಿನಡಿ ಬರುವಂಥವು.

ಈಗ ಯಾರಾದರೂ ಈ ಹೋಲಿಕೆಯನ್ನು ಮಾಡಿಕೊಡಿ ಎಂದು ಕೇಳಿದರೆ ನಾನು ಮೊದಲು ಎರಡೂ ಕಡೆ ಹುಟ್ಟಿದ ದೇಶ ಮತ್ತು ವಂಶಮೂಲ ಎರಡನ್ನೂ ಕೂಡಿಸಿ ಆರಿಸುತ್ತೇನೆ, ಹಾಗಾಗಿ ಹ್ಮಾಂಗ್ ಕುಟುಂಬಗಳು ಪ್ರತ್ಯೇಕವಾಗುತ್ತವೆ, ಕೊಸೊವೊದ ಅಲ್ಬೇನಿಯನ್ನರಿಗೆ ಬೇರೆ ಸಾಲು ಸಿಗುತ್ತದೆ. ನಂತರ 1991ರ ಈಚೆಗೆ ಬಂದವರನ್ನು ಅದೇ ಅವಧಿಯಲ್ಲಿ ಬಂದವರೊಡನೆ ಮಾತ್ರ ಹೋಲಿಸುತ್ತೇನೆ. ಹೀಗೆ ಸೋಸುತ್ತ ಹೋದಾಗ ಮಾದರಿ ಚಿಕ್ಕದಾಗುವುದರಿಂದ ಒಂದು ವರ್ಷದ ಅಂಕಿಗಳು ಸಾಲುವುದಿಲ್ಲ. ಐದು ವರ್ಷಗಳನ್ನು ಒಟ್ಟುಗೂಡಿಸಿದ ಕಡತವೇ ಬೇಕು. ಆಗಲೂ ಎರಡು ಮಧ್ಯಾಂಕಗಳ ನಡುವಿನ ಅಂತರ ಎಲ್ಲರನ್ನೂ ಕೇಳದೆ ಕೆಲವರನ್ನಷ್ಟೇ ಕೇಳುವುದರಿಂದ ಬರುವ ಮಾದರಿಯ ದೋಷದ ಮಿತಿಯೊಳಗೇ ಬಿದ್ದರೆ, ಯಾರು ಮುಂದೆ ಎಂಬ ಕಾಲಂ ಅನ್ನು ಖಾಲಿ ಬಿಟ್ಟು, ಮನೆಯ ಗಾತ್ರ, ಬಂದ ವರ್ಷ, ಬಾಡಿಗೆಯ ಹೊರೆ ಎಂಬ ಮೂರು ಕಾಲಂಗಳನ್ನು ತುಂಬಿ ಕಳುಹಿಸುತ್ತೇನೆ.